ಊದುಗೊಳವೆ ಹಿಡಿದ ಪೈಲ್ವಾನ

ಪರಮಪೂಜ್ಯ ಗುರುಸಿದ್ದವ್ವ ತಾಯಿಯವರು ಗದ್ದುಗೆಯ ಮೇಲೆ ಕೂತದ್ದನ್ನು ನಾನಂತೂ ಕಂಡವನಲ್ಲ. ಅವರ ಪೀಠವೆಂದರೆ ಮಠದ ಅಡುಗೆಮನೆಯ ಮಣೆ. ದಾಸೋಹದ ಒಲೆಗಳ ಮುಂದೆ ಕೂತು, ಹೊಗೆಗೆ ಕಣ್ಣು ಕಿರಿದು ಮಾಡಿ, ಜೋಳದ ನುಚ್ಚು ತಿರುವುತ್ತಲೇ ಬಂದವರ ಕಷ್ಟ ಕೇಳುತ್ತಿದ್ದರು. ಆ ಗಡಿಗೆಯ ತಳ ಕಂಡವರು ಯಾರೂ ಇಲ್ಲ. ಹರೆಯದಲ್ಲಿ ನಾನೊಮ್ಮೆ ಅದನ್ನು ಕಂಡೇ ತೀರುವ ಹಟಕ್ಕೆ ಬಿದ್ದು ಉಣ್ಣಲು ಕೂತಿದ್ದೆ. ನನ್ನನ್ನು ನಾಲ್ವರು ಎತ್ತಿಕೊಂಡು ಹೋದರು, ಗಡಿಗೆ ಹಾಗೇ ಇತ್ತು.

ಆ ತಾಯಿಯವರ ಹತ್ತಿರ ನನ್ನ ಗರಡಿ ಜೋಡಿ ಸತ್ಯಪ್ಪನನ್ನು ಕರೆದುಕೊಂಡು ಹೋದವನು ನಾನೇ. ಸತ್ಯಪ್ಪ ಎಂಥ ಆಳು! ಅವನೂ ನಾನೂ ಒಟ್ಟಿಗೆ ತೊಡೆ ತಟ್ಟಿದರೆ ಹೊಳೆಯಾಚೆಯ ಊರಿನ ಪಾರಿವಾಳಗಳು ಗಾಬರಿಬಿದ್ದು ಹಾರುತ್ತಿದ್ದವು. ನಂಬದವರು ಆ ಊರಿಗೆ ಹೋಗಿ ವಿಚಾರಿಸಲಿ.

ಅಂಥವನಿಗೆ ಆ ಬೇಸಿಗೆ ವಿಚಿತ್ರ ಕಾಟವೊಂದು ಹತ್ತಿತು. ಸುಮ್ಮನೆ ಕೂತಿರುವಾಗಲೇ ಎದೆ ಡೊಳ್ಳಿನಂತೆ ಬಡಿದುಕೊಳ್ಳುವುದು, ಅಂಗೈ ಬೆವರುವುದು, ಬೆರಳ ತುದಿಯಲ್ಲಿ ಇರುವೆ ಹರಿದಂತೆ ಜುಮುಜುಮು, ಗಂಟಲಿಗೆ ಯಾರೋ ಗಂಟು ಹಾಕಿದಂತೆ. ಅವನಪ್ಪ ಎದೆ ಹಿಡಿದುಕೊಂಡೇ ತೀರಿಹೋಗಿದ್ದ. ಮುಂದಿನ ಸರದಿ ತನ್ನದೇ ಎಂದು ಸತ್ಯಪ್ಪ ನಂಬಿಬಿಟ್ಟ. ದೊಡ್ಡಾಸ್ಪತ್ರೆಯ ಡಾಕ್ಟರು ಯಂತ್ರ ಹಚ್ಚಿ ನೋಡಿ, "ಎದಿ ಕಲ್ಲಿನಂಗ ಗಟ್ಟಿ ಐತಿ, ಇದು ಅಂಜಿಕಿ ಅಷ್ಟ" ಎಂದರು. ಪೈಲ್ವಾನನಿಗೆ ಅಂಜಿಕೆಯೇ? ಅವನು ಸಿಟ್ಟಾಗಿ ಎದ್ದು ಬಂದ. ಬರುವ ಸೋಮವಾರ ಸಾಂಗಲಿ ಕಡೆಯ ಜಟ್ಟಿಯೊಡನೆ ಕುಸ್ತಿ ನಿಗದಿಯಾಗಿತ್ತು. ಕಾಟ ಬಿಡದಿದ್ದರೆ ಲಂಗೋಟಿಯನ್ನು ಹಣಮಪ್ಪ ದೇವರ ಪಾದಕ್ಕಿಟ್ಟು ಗರಡಿಯನ್ನೇ ಬಿಡುತ್ತೇನೆ ಎಂದ. ಕುಸ್ತಿ ಬಿಟ್ಟ ಸತ್ಯಪ್ಪ ಎಂದರೆ ನೀರು ಬಿಟ್ಟ ಮೀನು. ನನಗೇ ದಿಗಿಲಾಯಿತು.

"ಆ ಮುದುಕಿ ಏನ ಮಾಡ್ಯಾಳಲೇ?" ಎಂದು ಮಠದ ದಾರಿಯುದ್ದಕ್ಕೂ ಗೊಣಗಿದ. "ತಾಯಿತ ಕೊಟ್ಟರ ಕಟಗೋತೇನಿ, ಇಲ್ಲಂದ್ರ ಎದ್ದ ಬರತೇನಿ."

ತಾಯಿಯವರು ತಾಯಿತ ಕೊಡಲಿಲ್ಲ. ಮಕ್ಕಳು ಹೊಸ ಹುಳ ಕಂಡಾಗ ನೋಡುತ್ತಾರಲ್ಲ, ಹಾಗೆ ಅವನನ್ನು ನೋಡಿ ಕೇಳತೊಡಗಿದರು. ಮೊದಲು ಎಲ್ಲಿ ಶುರುವಾಗುತ್ತದೆ? ಹೊಟ್ಟೆಯಲ್ಲೋ, ಎದೆಯಲ್ಲೋ? ಬೆರಳಿಗೆ ಯಾವಾಗ ಇಳಿಯುತ್ತದೆ? ಕೊನೆಗೆ ಕೇಳಿದರು, "ಬಂದಾಗ ನೀ ಏನ ಮಾಡತಿ, ತಮ್ಮಾ?"

"ದಮ್ಮ ಕಟ್ಟತೇನ್ರಿ ಯವ್ವಾ. ಎದಿ ತುಂಬ ಉಸಿರ ಎಳಕೊಂಡು, ಮೈ ಬಿಗಿ ಹಿಡದು ನಿಂದರತೇನಿ. ಅದನ್ನ ಚಿತ್ ಮಾಡಬೇಕಂತ."

ಗುಂಡುಕಲ್ಲು ಎತ್ತುವಾಗ ನಮ್ಮ ಉಸ್ತಾದರು ಹೇಳಿಕೊಟ್ಟ ಪಟ್ಟು ಅದು. ತಾಯಿಯವರಿಗೆ ನಗು ತಡೆಯಲಾಗಲಿಲ್ಲ. "ತನ್ನ ಎದಿ ಜೋಡಿ ತಾನ ಕುಸ್ತಿ ಹಿಡ್ಯಾವನ್ನ ಇವತ್ತ ಕಂಡೆ ನೋಡಪಾ!"

ಆ ನಗೆಗೋ ಏನೋ, ಸತ್ಯಪ್ಪನಿಗೆ ಅಲ್ಲೇ ಕಾಟ ಬಂದುಬಿಟ್ಟಿತು. ಮುಖ ಬಿಳಿಚಿತು, ಕೈ ನಡುಗಿತು. ರೂಢಿಯಂತೆ ಎದೆಯುಬ್ಬಿಸಿ ದಮ್ಮು ಕಟ್ಟಿದ. ಕಟ್ಟಿದಷ್ಟೂ ನಡುಕ ಹೆಚ್ಚಿತು. "ಹ್ವಾದೆ, ನಾ ಹ್ವಾದೆ" ಎಂದು ನನ್ನ ತೋಳು ಹಿಡಿದ. ಆ ಹಿಡಿತದ ಗುರುತು ನನ್ನ ತೋಳಿನ ಮೇಲೆ ಇಂದಿಗೂ ಇದೆ.

ತಾಯಿಯವರು ಗಾಬರಿಯಾಗಲಿಲ್ಲ. ಗೋಡೆಗೆ ಒರಗಿಸಿದ್ದ ಊದುಗೊಳವೆ ತೆಗೆದು ಅವನ ಕೈಗಿತ್ತರು. "ಒಲಿ ಆರೇತಿ. ಊದು."

ತಾಯಿಯ ಮಾತು ಮೀರುವುದುಂಟೇ? ಪೈಲ್ವಾನ ಕಟ್ಟಿದ ದಮ್ಮನ್ನೆಲ್ಲ ಒಮ್ಮೆಲೇ ಬಿಟ್ಟ. ಒಲೆಯ ಬೂದಿಯೆಲ್ಲ ಎದ್ದು ಅವನ ಮೀಸೆಗೆ ಬಂತು. ಆ ಹೊತ್ತಿನಲ್ಲೂ ನಾನು ನಕ್ಕೆ.

"ಜೋರ ಬ್ಯಾಡ," ಎಂದರು ತಾಯಿಯವರು. "ಉದ್ದ. ಮೆಲ್ಲಕ."

ಅವನು ಮೆಲ್ಲಗೆ ಊದಿದ. ಕೆಂಡ ಕಣ್ಣು ಬಿಟ್ಟಿತು. ಮೂಗಿನಿಂದ ಸಣ್ಣಗೆ ಉಸಿರೆಳೆದು, ಕೊಳವೆಯಲ್ಲಿ ಉದ್ದಕ್ಕೆ ಬಿಟ್ಟ. ಕಟ್ಟಿಗೆ ಹೊಗೆಯಾಡಿತು. ಮತ್ತೆ ಬಿಟ್ಟ, ಮತ್ತೆ ಬಿಟ್ಟ. ಬಿಗಿದಿದ್ದ ಭುಜ ಇಳಿದವು. ಉರಿ ಹತ್ತಿದ್ದನ್ನು ಅವನೇ ಬೆರಗಿನಿಂದ ನೋಡಿದ. ನಾನೋ ಉರಿ ಬಿಟ್ಟು ಅವನ ಕೈಯನ್ನೇ ನೋಡುತ್ತಿದ್ದೆ. ನಡುಕ ಎಲ್ಲಿ ಹೋಯಿತು?

"ಈಗ ಎದಿ ಏನನತೈತಿ?"

ಸತ್ಯಪ್ಪ ಕೈಯಿಟ್ಟು ನೋಡಿಕೊಂಡ. "ಬಡಿಯಾಕತ್ತೈತ್ರಿ ಯವ್ವಾ. ಆದ್ರ ಸಾವಕಾಶ."

"ಅದು ಮನಿ ಕಾಯೂ ನಾಯಿಯಪಾ. ಕಳ್ಳ ಬಂದ್ರೂ ಬೊಗಳತೈತಿ, ಬೀಗರ ಬಂದ್ರೂ ಬೊಗಳತೈತಿ. ನೀ ಬಡಿಗಿ ತಗೊಂಡ್ರ ಮತ್ತಷ್ಟ ಬೊಗಳತೈತಿ."

"ಹಂಗಾರ ಇನ್ನ ಬರೂದಿಲ್ಲೇನ್ರಿ?"

"ಬರತೈತಿ," ಎಂದರು ತಾಯಿಯವರು, ನುಚ್ಚು ತಿರುವುತ್ತ. "ಬಂದ್ರ ಸಾಯೂದಿಲ್ಲ. ಉಸಿರ ಬಿಡು, ಕೆಲಸಕ್ಕ ಹೋಗು."

ಅಷ್ಟೇ ಉಪದೇಶ. ಊರೂರ ಪಂಡಿತರ ಪ್ರವಚನ ಕೇಳಿದ ಕಿವಿ ನನ್ನದು, ಇಷ್ಟು ಗಿಡ್ಡ ಉಪದೇಶ ಬೇರೆಲ್ಲೂ ಕೇಳಿಲ್ಲ. ಸತ್ಯಪ್ಪ ಬೂದಿ ಮೆತ್ತಿದ ಹಣೆಯನ್ನೇ ತಾಯಿಯವರ ಪಾದಕ್ಕೆ ಹಚ್ಚಿದ. ಮುದುಕಿ ಎಂಬ ಮಾತು ಮತ್ತೆ ಅವನ ಬಾಯಲ್ಲಿ ಬರಲಿಲ್ಲ.

ಸೋಮವಾರ ಬಂತು. ಸಾಂಗಲಿಯ ಜಟ್ಟಿ ಕಣಕ್ಕಿಳಿದರೆ ಮಣ್ಣು ಗೇಣುದ್ದ ಕುಸಿಯಿತು, ಅಂಥ ದೇಹ. ಸತ್ಯಪ್ಪನ ಬೆರಳು ನಡುಗುವುದು ಕಂಡು ನನ್ನ ಜೀವ ಬಾಯಿಗೆ ಬಂತು.

"ಬಂತೇನಲೇ?"

"ಬಂತು," ಎಂದ. "ಇರಲಿ ಬಿಡು." ತುಟಿ ಗುಂಡಗೆ ಮಾಡಿ ಉದ್ದಕ್ಕೆ ಉಸಿರು ಬಿಟ್ಟ. ನಡುಗುತ್ತಲೇ ಮಣ್ಣಿಗಿಳಿದ.

ಹೊತ್ತು ಮುಳುಗುವತನಕ ಹಿಡಿದಾಡಿದರು. ಕೊನೆಗೆ ಸತ್ಯಪ್ಪ ಅಂಗಾತ ಬಿದ್ದ. ಸಾಂಗಲಿಯವರು ರುಮಾಲು ಹಾರಿಸಿದರು. ನಾನು ಕಣಕ್ಕೆ ಹಾರಿ ಓಡಿದೆ. ಎದ್ದಾನೋ ಇಲ್ಲವೋ? ನೋಡಿದರೆ ಪುಣ್ಯಾತ್ಮ ಆಕಾಶ ನೋಡುತ್ತ ನಗುತ್ತಿದ್ದಾನೆ. ಮಣ್ಣು ಮೆತ್ತಿದ ಕೈಯಿಂದ ನನ್ನ ಕೈ ಎಳೆದು ತನ್ನ ಎದೆಯ ಮೇಲಿಟ್ಟುಕೊಂಡ.

"ನೋಡಲೇ," ಎಂದ, "ಎಷ್ಟ ಚಂದ ಬಡಿಯಾಕತ್ತೈತಿ!"