ಸಾಹುಕಾರರಿಗೊಬ್ಬ ಸೋಲದ ವೀರ

ವೀರರ ಆಟವನ್ನು ದಾವಣಗೆರೆಗೆ ತಂದವನೇ ನಾನು. ಅದು ಸುಳ್ಳು ಬಿಡಿ, ನಾನು ಆ ಆಟಕ್ಕೆ ಹೋಗುತ್ತಿದ್ದದ್ದು ಮಂಡಕ್ಕಿ ತಿನ್ನಲು.

ಮುರಿಗೆಪ್ಪ ಸಾಹುಕಾರರ ಪೇಂಟ್ ಅಂಗಡಿಯ ಮೇಲಿನ ಕೋಣೆಯಲ್ಲಿ ಭಾನುವಾರ ಆಟ. ಒಬ್ಬೊಬ್ಬರೂ ಒಂದೊಂದು ಬಗೆಯ ವೀರರಾಗಿ, ದಾಳ ಉರುಳಿಸಿ ಕಾದಾಡಬೇಕು. ನಡೆಸುವವನು ಅದೇ ಅಂಗಡಿಯ ಗುಮಾಸ್ತ. ವಾರವಾರವೂ ಸೋತ ಸಾಹುಕಾರರು ಒಂದು ದಿನ ಗುಡುಗಿದರು.

“ನನಗೊಬ್ಬ ಹೊಸ ಬಗೆಯ ವೀರನ್ನ ಮಾಡಿಕೊಡೋ. ಅವನಿಗೆ ಕತ್ತಿ ತಾಗಬಾರದು, ಮಂತ್ರ ತಟ್ಟಬಾರದು. ಒಂದೇ ಏಟಿಗೆ ಎದುರಿನವನು ಮಲಗಬೇಕು. ಆಗಲ್ಲ ಅಂದ್ರೆ ಎಲ್ಲರೂ ಕೋಣೆ ಖಾಲಿ ಮಾಡಿ!”

“ಆಗಲಿ ಸಾಹುಕಾರ್ರೆ,” ಎಂದ ಗುಮಾಸ್ತ. “ನಮ್ಮ ಪದ್ಧತಿ ಗೊತ್ತಲ್ಲ? ಹೊಸ ವೀರನ್ನ ಮೊದಲ ವಾರ ಎದುರಾಳಿ ಆಡಿಸ್ತಾರೆ, ಆಮೇಲೆ ನೀವು. ಈ ವಾರ ನಿಮ್ಮೆದುರು ನಿಮ್ಮ ಬೀಗರೇ ಇದ್ದಾರೆ.”

ಪಕ್ಕದಲ್ಲಿದ್ದ ಬೀಗರು ಮೀಸೆ ತಿರುವಿದರು. ಸಾಹುಕಾರರು ಹಣೆ ಒರೆಸಿಕೊಂಡರು.

“ಕತ್ತಿ ಸ್ವಲ್ಪ ತಾಗಲಿ ಬಿಡು.”

“ಆಯ್ತು.”

“ಮಂತ್ರವೂ ತಟ್ಟಲಿ. ಒಂದೇ ಏಟು ಅನ್ನೋದು ಅನ್ಯಾಯ, ಮೂರು ಮಾಡು. ಹೊಡೆದ ಮೇಲೆ ಕೂತು ಸುಧಾರಿಸ್ಕೊಳ್ಳಲಿ. ಮಂಡಿನೋವೂ ಇರಲಿ!”

“ಹಾಕ್ತೀನಿ. ಆದ್ರೆ ಮುಂದಿನ ವಾರ ಕುಂಟೋದು ನೀವೇ.”

ಸಾಹುಕಾರರು ತಮ್ಮ ಮಂಡಿ ಸವರಿಕೊಂಡರು. “ಮಂಡಿ ಬೇಡ. ಉಳಿದದ್ದು ಇರಲಿ.”

ಅಷ್ಟು ಸಮತೂಕದ ವೀರ ಆ ಮೇಜಿನ ಮೇಲೆ ಅದುವರೆಗೂ ಹುಟ್ಟಿರಲಿಲ್ಲ. ಅಂದ ಹಾಗೆ, ಆ ಪದ್ಧತಿ ಹುಟ್ಟಿದ್ದೂ ಅವತ್ತೇ, ಗುಮಾಸ್ತನ ಬಾಯಲ್ಲೇ.

ಇದೆಲ್ಲ ನಿಜವೇ ಅಂತ ಕೇಳುವ ಮೊದಲು, ನನ್ನ ಚಹಾದ ದುಡ್ಡು ನೀವೇ ಕೊಟ್ಟುಬಿಡಿ.