ಮಂಡಿಯೂರಿ ಬರುವ ತೆರೆ

ಆಗ ಲೋಕ ಹೊಸದು. ಕಡಲ ನೀರಿಗೆ ಉಪ್ಪು ಇನ್ನೂ ಸರಿಯಾಗಿ ಹಿಡಿದಿರಲಿಲ್ಲ. ನಮ್ಮ ಈ ಸಣ್ಣ ಕೊಲ್ಲಿಯಲ್ಲಿ ತೆಂಗಿನ ಮರದಷ್ಟು ಎತ್ತರದ ತೆರೆಯೊಂದಿತ್ತು.

ಹೇಳಿದ ಹೊತ್ತಿಗೆ ಏಳುತ್ತಿತ್ತು. ಹೇಳಿದ ಜಾಗದಲ್ಲೇ ಒಡೆಯುತ್ತಿತ್ತು. ದಡದವರೆಲ್ಲ ಅದನ್ನು ಮಾಸ್ತರು ಎಂದೇ ಕರೆಯುತ್ತಿದ್ದರು.

ಮಾಸ್ತರಿಗೆ ಇದ್ದದ್ದು ಒಬ್ಬಳೇ ಶಿಷ್ಯೆ, ಚಿಮ್ಮಿ ಎಂಬ ಏಡಿಮರಿ. ತೆಂಗಿನ ಗರಿಯ ಒಣಗಿದ ಬುಡ, ಆ ಕೊತ್ತಳಿಗೆಯನ್ನು ನೀರಿಗೆ ತಳ್ಳಿ ಅವಳು ಮೇಲೇರುತ್ತಿದ್ದಳು. ತೆರೆಯ ಬೆನ್ನ ಮೇಲೆ ನಿಂತು ದಡಕ್ಕೆ ಬರಬೇಕು, ಅದೊಂದೇ ಅವಳ ಆಸೆ.

ಅವಳು ಬೀಳುತ್ತಿದ್ದಳು. "ಮತ್ತೆ ಏರು," ಎನ್ನುತ್ತಿದ್ದರು ಮಾಸ್ತರು.

ಎರಡೂ ಕೈಯಲ್ಲಿ ಕೊತ್ತಳಿಗೆ ಹಿಡಿದು ಹೇಗೋ ನಿಲ್ಲುತ್ತಿದ್ದಳು. "ಹಿಡಿದುಕೊಂಡು ನಿಂತದ್ದು ನಿಂತ ಹಾಗಲ್ಲ. ಮತ್ತೆ ಏರು."

ಒಂದು ದಿನ ಚಿಮ್ಮಿ ಕೇಳಿದಳು: "ಮಾಸ್ತರೇ, ಅಮ್ಮ ನೋಡ್ಲಿಕ್ಕೆ ಬಂದಿದ್ದಾಳೆ. ಇವತ್ತು ಮಾತ್ರ ಸ್ವಲ್ಪ ತಗ್ಗಿ ಬನ್ನಿ. ಕೈ ಬಿಡ್ಲಿಕ್ಕೆ ಹೆದರಿಕೆ ಆಗ್ತದೆ."

"ಅಮ್ಮ ಬಂದರೆ ಪಾಠ ಬದಲಾಗ್ತದಾ?"

ತೆಂಕಣ ಗಾಳಿಗೆ ಸುಮ್ಮನಿರಲಾಗಲಿಲ್ಲ. "ಸಣ್ಣ ಮಗು ಮಾರಾಯ್ರೇ! ಒಮ್ಮೆ ಬಗ್ಗಿದರೆ ನಿಮ್ಮ ಸೊಂಟವೇನೂ ಮುರಿಯುವುದಿಲ್ಲ."

"ದಿನಕ್ಕೊಂದು ದಿಕ್ಕಿಗೆ ತಿರುಗುವವನು ನೀನು. ನನಗೆ ಬುದ್ಧಿ ಹೇಳಬೇಡ," ಎಂದು ಮಾಸ್ತರು ಪೂರ್ತಿ ಎತ್ತರಕ್ಕೆ ಎದ್ದರು.

ಚಿಮ್ಮಿ ಒಂದು ಕೈ ಬಿಟ್ಟಳು. ಇನ್ನೊಂದು ಕೈಯನ್ನೂ ಬಿಟ್ಟಳು.

"ಅಮ್ಮಾ, ನಿಂತೆ! ಮಾಸ್ತರೇ, ನೋಡಿ, ನಿಂತೆ!"

ಮಾಸ್ತರ ಎದೆ ತುಂಬಿ ಬಂತು. ಭೇಷ್ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಆದರೆ ಹೇಳಿದ್ದು ಬೇರೆಯೇ.

"ಕಾಲು ನಡುಗ್ತಾ ಉಂಟು."

ಚಿಮ್ಮಿ ಬಗ್ಗಿ ತನ್ನ ಕಾಲು ನೋಡಿಕೊಂಡಳು. ಅಷ್ಟರಲ್ಲಿ ಒಡೆಯುವ ಜಾಗ ಬಂತು. ಮಾಸ್ತರು ಎಂದಿನ ಜೋರಿನಲ್ಲೇ ಒಡೆದರು. ಕೊತ್ತಳಿಗೆ ಸೀಳಿತು. ಚಿಮ್ಮಿಯ ಒಂದು ಕೈ ಮುರಿದುಹೋಯಿತು.

ಅಮ್ಮ ಓಡಿಬಂದು ಮಗಳನ್ನು ಎತ್ತಿಕೊಂಡಳು. "ನಿಮ್ಮ ಪಾಠ ನಿಮ್ಮಲ್ಲೇ ಇರಲಿ ಮಾಸ್ತರೇ. ನನಗೆ ಮಗಳು ಉಳಿದರೆ ಸಾಕು."

ಮರಳಿನಲ್ಲಿ ಆಳದ ಬಿಲ ತೋಡಿ ಮಗಳನ್ನು ಒಳಗೆ ಕರೆದೊಯ್ದಳು. ಹೋದ ಕೈ ಮತ್ತೆ ಚಿಗುರಿತು, ಆದರೆ ಮೊದಲಿನಷ್ಟು ದೊಡ್ಡದಾಗಲಿಲ್ಲ.

ಮಾಸ್ತರು ಕಾದರು. ಕೊತ್ತಳಿಗೆ ಹಿಡಿದು ಯಾರೂ ಬರಲಿಲ್ಲ. "ಈಗ ಬಗ್ಗಿದರೆ ಆದೀತಾ?" ಎಂದು ಗಾಳಿಯನ್ನು ಕೇಳಿದರು. ಗಾಳಿ ಆಗಲೇ ಬೇರೆ ದಿಕ್ಕಿಗೆ ತಿರುಗಿಯಾಗಿತ್ತು.

ಅಂದಿನಿಂದ ಮಾಸ್ತರು ದೂರದಲ್ಲೇ ಮಂಡಿಯೂರಿ, ತೆವಳಿಕೊಂಡು ದಡಕ್ಕೆ ಬರತೊಡಗಿದರು. ಬಿಲದ ಬಾಯಿಗೆ ಬಂದು, "ಚಿಮ್ಮೀ, ಅವತ್ತು ನೀನು..." ಎನ್ನುವಷ್ಟರಲ್ಲಿ ನೀರಿನ ಸದ್ದಿಗೇ ಹೆದರಿ ಅವಳು ಒಳಗೆ ಓಡುತ್ತಿದ್ದಳು.

ಅದಕ್ಕೇ ಮಗು, ಇಲ್ಲಿನ ತೆರೆ ನಿನ್ನ ಸೊಂಟಕ್ಕಿಂತ ಮೇಲೆ ಏಳುವುದಿಲ್ಲ. ತೆರೆಯೇರುವ ಹಲಗೆಯ ಮೇಲೆ ಮೊದಲ ಸಲ ನಿಂತು ಬಿದ್ದವರನ್ನು ಮೆಲ್ಲಗೆ ಮರಳಿಗೆ ತಂದು ಬಿಡುತ್ತದೆ. ಆಮೇಲೆ ನೊರೆಯ ಅಂಗೈ ಚಾಚಿ ಬಿಲದ ತನಕ ಹೋಗುತ್ತದೆ. ಒಂದು ಕೈ ಸಣ್ಣದಾದ ಏಡಿ ಓಡಿ ಒಳಸೇರುತ್ತದೆ. ಅಂದು ನಾಲಿಗೆಯ ತುದಿಯಲ್ಲೇ ಉಳಿದ ಆ ಒಂದು ಮಾತನ್ನು ಹೇಳಲಾಗದೆ ತೆರೆ ಹಿಂದಕ್ಕೆ ಹೋಗುತ್ತದೆ, ಮತ್ತೆ ಬರುತ್ತದೆ.