ಗಂಟಿನ ಎರಡನೆಯ ದಿನ

ಬಾಗಿಲು ಹಾಕಿದ ಮೇಲೆ ಹಿಂದಿರುಗಿ ಬಂದು ಅಗುಳಿಯನ್ನು ಇನ್ನೊಮ್ಮೆ ಮುಟ್ಟಿ ನೋಡುವುದು ಶಿವಮ್ಮಣ್ಣಿಯ ಅಭ್ಯಾಸ. ಹಾಕಿದ್ದೇನೆ ಎಂದು ಅವಳಿಗೆ ಗೊತ್ತಿರುತ್ತಿತ್ತು. ಆದರೂ ಬರುತ್ತಿದ್ದಳು. ಎರಡು ಬೆರಳಿನಿಂದ ಮುಟ್ಟಿ, ಒಂದು ಗಳಿಗೆ ನಿಂತು, ಹೋಗುತ್ತಿದ್ದಳು.

ಅವಳು ಗುರುಗಳ ಬಳಿ ಕಲಿಯಲು ಮಠಕ್ಕೆ ಬಂದು ಹನ್ನೊಂದು ವರ್ಷವಾಗಿತ್ತು. ಗುರುಗಳಿಗೆ ಎಂಬತ್ತು ದಾಟಿತ್ತು. ಕಲಿಕೆ ಕಡಿಮೆಯಾಗಿ ಆರೈಕೆ ಹೆಚ್ಚಾಗಿತ್ತು. ದಿನವೂ ಬೆಳಗಾಗುವ ಹೊತ್ತಿಗೆ ಗುರುಗಳು ಊರುಗೋಲು ಹಿಡಿದು ಕಲ್ಯಾಣಿಯ ಮೆಟ್ಟಿಲಿಗೆ ಹೋಗುತ್ತಿದ್ದರು. ಬಿಸಿಲು ನೀರಿಗೆ ಇಳಿಯುವವರೆಗೆ ಅಲ್ಲಿ ಕೂತಿದ್ದು ಬರುತ್ತಿದ್ದರು. ಎಂಟು ದಿನದ ಹಿಂದೆ ಮೂರನೆಯ ಮೆಟ್ಟಿಲಲ್ಲಿ ಜಾರಿ ಬಿದ್ದರು. ಮೂಳೆ ಮುರಿಯಲಿಲ್ಲ, ಮೊಣಕೈ ತರಚಿತು ಅಷ್ಟೆ. ಅಂದಿನಿಂದ ಊರುಗೋಲು ಅದರ ಮೂಲೆಯಲ್ಲಿ ಇರಲಿಲ್ಲ. ಶಿವಮ್ಮಣ್ಣಿ ಅದನ್ನು ಸೌದೆ ಕೋಣೆಯಲ್ಲಿ, ಒಟ್ಟಿದ ಸೌದೆಯ ಹಿಂದೆ ಇಟ್ಟಿದ್ದಳು. ಗುರುಗಳು ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಒಂಬತ್ತನೆಯ ದಿನ ಗಂಜಿಯ ಬಟ್ಟಲನ್ನು ಅವರ ಕೈಗೆ ಕೊಟ್ಟು ಅವಳು ಕೇಳಿದಳು.

"ಬುದ್ಧೀ, ಒಂದು ಜೀವ ಬೀಳುತ್ತದೆ ಎಂದು ಕಣ್ಣಿಗೇ ಕಾಣುತ್ತಿದೆ. ಬೀಳದ ಹಾಗೆ ಹಿಡಿಯುವ ಶಕ್ತಿ ನಮ್ಮ ಕೈಯಲ್ಲಿದೆ. ಹಿಡಿಯದೆ ಬಿಟ್ಟರೆ ಅದು ಪಾಪವಲ್ಲವೇ?"

ಗುರುಗಳು ಬಟ್ಟಲನ್ನು ಕೆಳಗಿಟ್ಟು ಈ ಕತೆ ಹೇಳಿದರು.

ಹೂ ಕಟ್ಟುವವಳು ಒಬ್ಬಳಿದ್ದಳು. ಗೌರಿ ಹಬ್ಬದ ಹಿಂದಿನ ದಿನ ತೋಟದಿಂದ ಬಂದ ಸೇವಂತಿಗೆಯ ಬುಟ್ಟಿಯಲ್ಲಿ ಅವಳಿಗೆ ಒಂದು ಹುಳು ಸಿಕ್ಕಿತು. ಮಕ್ಕಳು ಸೂರ್ಯನ ಕುದುರೆ ಎನ್ನುವ ಹುಳು. ಎಲೆಯ ಬಣ್ಣ, ಕಡ್ಡಿಯಂಥ ಮೈ, ಮುಂಗಾಲೆರಡನ್ನೂ ಎದೆಗೆ ಮಡಚಿ ಕೈಮುಗಿದ ಹಾಗೆ ನಿಲುವು. ಅವಳು ಅದನ್ನು ಕೊಡವಿ ಎಸೆಯಲಿಲ್ಲ. ಒಂದು ಮಡಕೆಗೆ ಮರಳು ತುಂಬಿ, ದಾಸವಾಳದ ಒಣ ಕೊಂಬೆಯೊಂದನ್ನು ನೆಟ್ಟು, ಮೂಡಣ ಕಿಟಕಿಯ ಬಳಿ ಇಟ್ಟು, ಹುಳುವನ್ನು ಅದರ ಮೇಲೆ ಬಿಟ್ಟಳು.

ಹುಳು ಅಲ್ಲೇ ಉಳಿಯಿತು. ಹೂವಿಗೆ ಬರುವ ನೊಣವನ್ನು ಹಿಡಿದು ತಿನ್ನುತ್ತಿತ್ತು. ಬೆಳಿಗ್ಗೆ ಕೊಂಬೆಯ ತುದಿಗೆ ಮೊದಲ ಬಿಸಿಲು ಬೀಳುವ ಹೊತ್ತಿಗೆ ಹತ್ತಿ ಹೋಗಿ ಅಲ್ಲಿ ನಿಲ್ಲುತ್ತಿತ್ತು. ಅವಳು ಹೂ ಕಟ್ಟಲು ಕೂತರೆ ಕತ್ತು ತಿರುಗಿಸಿ ಅವಳನ್ನೇ ನೋಡುತ್ತಿತ್ತು. ಅವಳ ಕೆಲಸವನ್ನು ಅಷ್ಟು ಹೊತ್ತು ಯಾರೂ ನೋಡಿದ್ದಿಲ್ಲ. ಜನ ಮಾಲೆಯನ್ನು ನೋಡುತ್ತಾರೆ, ಕಟ್ಟುವ ಕೈಯನ್ನು ನೋಡುವುದಿಲ್ಲ.

ಸಂಕ್ರಾಂತಿ ಕಳೆಯುವಷ್ಟರಲ್ಲಿ ಹುಳುವಿಗೆ ಮುಪ್ಪು ಬಂತು. ಹಸಿರು ಮೈ ಕಂದಿತು. ಕಣ್ಣಿನಲ್ಲಿ ಕಪ್ಪು ಚುಕ್ಕೆ ಮೂಡಿತು. ಪಾದದ ತುದಿಗಳು ಒಂದೊಂದಾಗಿ ಉದುರಿದವು. ನೊಣ ಎದುರಿಗೇ ಬಂದು ಕೂತರೂ ಹಿಡಿಯಲು ಆಗುತ್ತಿರಲಿಲ್ಲ. ಅವಳು ನೊಣವನ್ನು ತಾನೇ ಹಿಡಿದು, ಜಜ್ಜಿ, ಕಡ್ಡಿಯ ತುದಿಯಲ್ಲಿ ಅದರ ಬಾಯಿಗೆ ಹಿಡಿಯುತ್ತಿದ್ದಳು. ಮಲ್ಲಿಗೆಯ ತೊಟ್ಟನ್ನು ನೀರಿಗೆ ಅದ್ದಿ ಒಂದು ಹನಿ ಕುಡಿಸುತ್ತಿದ್ದಳು.

ಪಕ್ಕದ ಮನೆಯ ಸೊಪ್ಪು ಮಾರುವವಳು ಇದನ್ನು ಕಂಡು ನಕ್ಕಳು.

"ಏನಕ್ಕಾ, ಹುಳಕ್ಕೆ ತುತ್ತು ತಿನ್ನಿಸ್ತಾ ಇದ್ದೀಯಾ? ನನಗೆ ಒಂದು ದಿನವಾದ್ರೂ ಊಟಕ್ಕೆ ಬಾ ಅಂದಿದ್ದೀಯಾ?"

"ನೀನೂ ಹಿಂಗೆ ಕೈಮುಗಿದುಕೊಂಡು ಬಾಯಿ ಮುಚ್ಚಿಕೊಂಡು ಕೂತ್ಕೋ. ನಿನಗೂ ತಿನ್ನಿಸ್ತೀನಿ."

ಆಮೇಲೆ ಹುಳು ಬೀಳತೊಡಗಿತು. ಬಿಸಿಲಿನ ಹೊತ್ತಿಗೆ ತುದಿಗೆ ಹೊರಡುತ್ತಿತ್ತು. ಅರ್ಧ ಹತ್ತುವಾಗ ಕಾಲಿನ ಹಿಡಿತ ತಪ್ಪುತ್ತಿತ್ತು. ಬೀಳುತ್ತಿತ್ತು. ಸ್ವಲ್ಪ ಹೊತ್ತು ಮಲಗಿದ್ದು ಎದ್ದು ಮತ್ತೆ ಕೊಂಬೆಯ ಬುಡಕ್ಕೆ ಬರುತ್ತಿತ್ತು. ಅವಳು ಮಡಕೆಯ ಸುತ್ತ ಹಳೆಯ ಬಟ್ಟೆ ಹಾಸಿದಳು. ಬಿದ್ದ ಸದ್ದು ಮೊಗ್ಗು ಬಿದ್ದ ಸದ್ದಿಗಿಂತ ದೊಡ್ಡದಲ್ಲ. ಆದರೆ ಅವಳಿಗೆ ಅದು ಅಡುಗೆಮನೆಯವರೆಗೂ ಕೇಳುತ್ತಿತ್ತು. ಒಂದು ದಿನ ಐದು ಸಲ ಬಿತ್ತು. ಆರನೆಯ ಸಲ ಹತ್ತಿ ತುದಿ ಮುಟ್ಟುವಾಗ ಬಿಸಿಲು ಕಿಟಕಿಯಿಂದ ಹೋಗಿಯಾಗಿತ್ತು. ಆದರೂ ಅದು ಅಲ್ಲಿಯೇ ಕೈಮುಗಿದು ನಿಂತಿತು. ಅವಳು ಮುಖ ತಿರುಗಿಸಿಕೊಂಡಳು.

ಮಾಘ ಮಾಸದ ಮೊದಲ ಲಗ್ನಕ್ಕೆ ಪಕ್ಕದೂರಿನಿಂದ ಕರೆ ಬಂತು. ಎರಡು ದಿನ ಮದುವೆಮನೆಯಲ್ಲೇ ಇದ್ದು ಹೂ ಕಟ್ಟಬೇಕು. ಒಪ್ಪಿಕೊಂಡ ಮಾತು, ಬಿಡುವಂತಿರಲಿಲ್ಲ.

"ನಾನು ನೋಡ್ಕೋತೀನಿ, ಹೋಗಕ್ಕಾ. ಬಿದ್ರೆ ಎತ್ತಿ ಬಿಡೋದು ತಾನೇ?" ಎಂದಳು ಸೊಪ್ಪಿನವಳು.

"ನಿನ್ನದು ಸೊಪ್ಪಿನ ಕಟ್ಟು ಹಿಸುಕೋ ಕೈ. ಬೇಡ ತಾಯಿ."

ಹೊರಡುವ ಬೆಳಿಗ್ಗೆ ಅವಳು ನೆನೆಸಿದ ಬಾಳೆನಾರಿನಿಂದ ಒಂದು ತೆಳ್ಳನೆಯ ಎಳೆ ಸೀಳಿದಳು. ಹುಳುವನ್ನು ಕೊಂಬೆಯ ನಡುವೆ ಇಟ್ಟು, ಅದರ ಸೊಂಟಕ್ಕೆ ಎಳೆಯನ್ನು ಸುತ್ತಿ, ಕೊಂಬೆಗೆ ಸೇರಿಸಿ ಗಂಟು ಹಾಕಿದಳು. ಅರಳದ ಮಲ್ಲಿಗೆಯನ್ನು ಕಟ್ಟುವ ಗಂಟು ಅದು. ತೊಟ್ಟು ಜಾರುವುದಿಲ್ಲ, ನಲುಗುವುದೂ ಇಲ್ಲ. ಊರಿನಲ್ಲಿ ಆ ಗಂಟು ಬರುತ್ತಿದ್ದುದು ಅವಳೊಬ್ಬಳಿಗೇ. ಉಗುರಿನ ತುದಿ ತೂರಿಸಿ ನೋಡಿದಳು. ಸಡಿಲವಾಗಿತ್ತು. ನೀರು ಕುಡಿಸಿದಳು. ಹುಳು ಕತ್ತು ತಿರುಗಿಸಿ ಅವಳನ್ನು ನೋಡಿತು. "ಇನ್ನು ಬೀಳಲ್ಲ ಬಿಡು," ಎಂದು ಹೇಳಿ ಹೋದಳು.

ಮದುವೆಮನೆಯಲ್ಲಿ ಅವಳ ಮನಸ್ಸು ನಿರಾಳವಾಗಿತ್ತು. ಎಷ್ಟೋ ದಿನದ ಮೇಲೆ ಆ ಸದ್ದಿಗೆ ಕಿವಿ ಕೊಡದೆ ಕೆಲಸ ಮಾಡಿದಳು. ಅವಳು ಕಟ್ಟಿದ ದಂಡೆಯನ್ನು ಎಲ್ಲರೂ ಹೊಗಳಿದರು.

ಮೂರನೆಯ ದಿನ ಬೆಳಿಗ್ಗೆ ಮನೆಗೆ ಬಂದಳು. ಕೊಂಬೆಯ ತುದಿಯ ಮೇಲೆ ಬಿಸಿಲು ಬಿದ್ದಿತ್ತು. ಹುಳು ಅವಳು ಕಟ್ಟಿದ ಜಾಗದಲ್ಲಿಯೇ ಇತ್ತು. ನಾರು ಒಣಗಿ, ಬಿಗಿದು, ಮೈಯೊಳಗೆ ಇಳಿದಿತ್ತು. ಮುಂಗಾಲುಗಳು ಮಡಚಿರಲಿಲ್ಲ. ಎರಡೂ ಮೇಲಕ್ಕೆ, ತುದಿಯ ಕಡೆಗೆ ಚಾಚಿಕೊಂಡಿದ್ದವು. ಕೆಳಗೆ ಹಾಸಿದ ಬಟ್ಟೆ ಹಾಸಿದ ಹಾಗೆಯೇ ಇತ್ತು. ಅದು ಒಂದು ಸಲವೂ ಬಿದ್ದಿರಲಿಲ್ಲ.

ಅವಳು ಗಂಟು ಬಿಚ್ಚಲು ನೋಡಿದಳು. ಬಿಚ್ಚಲು ಬರಲಿಲ್ಲ. ಅವಳು ಹಾಕಿದ್ದ ಗಂಟನ್ನು ಅವಳೇ ಕುಡುಗೋಲಿನಿಂದ ಕೊಯ್ದಳು.

ಸೊಪ್ಪಿನವಳು ಬಂದು ಪಕ್ಕದಲ್ಲಿ ಕೂತಳು. ಈ ಸಲ ಅವಳು ನಗಲಿಲ್ಲ. "ಅದರ ಆಯಸ್ಸೇ ಅಷ್ಟು ಕಣಕ್ಕಾ. ನೀನಿದ್ದಿದ್ರೂ ಹೋಗ್ತಿತ್ತು," ಎಂದಳು.

"ಹೋಗ್ತಿತ್ತು, ನನಗೂ ಗೊತ್ತು. ಉಳಿದಿದ್ದೇ ಎರಡು ದಿನ. ಆ ಎರಡು ದಿನವನ್ನ ಕಟ್ಟಿ ಹಾಕಿ ಹೋದೆನಲ್ಲೇ." ಕೊಯ್ದ ನಾರನ್ನು ಕೈಗೆತ್ತಿಕೊಂಡು ಹೇಳಿದಳು. "ಮೂವತ್ತು ವರ್ಷದಿಂದ ಈ ಗಂಟು ಹಾಕ್ತಾ ಇದ್ದೀನಿ. ಬೆಳಿಗ್ಗೆ ಕಟ್ತೀನಿ, ಸಂಜೆಗೆ ಹೂ ಬಾಡುತ್ತೆ, ಯಾರೋ ಎಸೀತಾರೆ. ನನ್ನ ಗಂಟು ಎರಡನೇ ದಿನ ಏನಾಗುತ್ತೆ ಅಂತ ನಾನು ಒಂದು ದಿನವೂ ನೋಡಿರಲಿಲ್ಲ."

ಇಷ್ಟು ಹೇಳಿ ಗುರುಗಳು ಕತೆ ಮುಗಿಸಿದರು. ಗಂಜಿ ಆರಿ ಮೇಲೆ ಕೆನೆ ಕಟ್ಟಿತ್ತು.

ಶಿವಮ್ಮಣ್ಣಿ ಹೇಳಿದಳು.

"ಅವಳು ನಾರಿನ ಬದಲು ಹತ್ತಿಯ ನೂಲಿನಿಂದ ಕಟ್ಟಬಹುದಿತ್ತು, ಬುದ್ಧೀ. ಇನ್ನೂ ಸಡಿಲವಾಗಿ."

"ಅವಳೂ ಹಾಗೇ ಹೇಳುತ್ತಿದ್ದಳು," ಎಂದರು ಗುರುಗಳು. "ಬಹಳ ವರ್ಷ ಹೇಳಿದಳು."

ಅವರು ತಣ್ಣಗಾದ ಗಂಜಿಯನ್ನು ಪೂರ್ತಿ ಕುಡಿದು ಬಟ್ಟಲನ್ನು ಅವಳ ಮುಂದಿಟ್ಟರು. ಶಿವಮ್ಮಣ್ಣಿಯ ಎರಡು ಬೆರಳು ಬಟ್ಟಲಿನ ಅಂಚನ್ನು ಮುಟ್ಟಿ ಅಲ್ಲೇ ನಿಂತವು. ಅವಳು ತಲೆ ಎತ್ತಲಿಲ್ಲ.

ಗುರುಗಳು ಹೇಳಿದರು. "ಸೌದೆಯ ಹಿಂದೆ ಗೆದ್ದಲು ಹಿಡಿಯುತ್ತದೆ ಅಮ್ಮಣ್ಣಿ, ನನ್ನ ಊರುಗೋಲು ತಂದುಕೊಡು."